ಚಾಪೆ ಮರೆಯ ಗಂಡಸು

"ಅಮ್ಮಾ, ಇಲ್ಲದ ತಪ್ಪು ಹೊರಿಸಿ ಊರೆಲ್ಲ ಆಡಿಕೊಳ್ಳುವಾಗ ಮನುಷ್ಯ ಹೊರಗೆ ಹೇಗೆ ಮುಖ ತೋರಿಸಬೇಕು?" ಎಂದು ಶಿಷ್ಯ ಕೇಳಿದ.

ಮರುದಿನ ಅವನು ತೆಂಕಣ ಊರುಗಳಿಗೆ ಉಪದೇಶಕ್ಕೆ ಹೊರಡಬೇಕಿತ್ತು. ಗಂಟು ಕಟ್ಟಿಟ್ಟುಕೊಂಡು, ಹೊರಡಲಾರೆನೆಂದು ಕೂತಿದ್ದ.

"ಏನು ಆಡಿಕೊಳ್ಳುತ್ತಾರೆ? ಬಿಡಿಸಿ ಹೇಳು," ಎಂದರು ಗುರುತಾಯಿ.

"ಅದೆಲ್ಲ ಯಾಕೆ ಅಮ್ಮಾ? ಬರೀ ಸುಳ್ಳು."

"ಸುಳ್ಳಾದರೆ ಕೇಳಲಿಕ್ಕೆ ಇನ್ನೂ ಚೆಂದ ಇರುತ್ತದೆ. ಹೇಳುವುದಿಲ್ಲವಾದರೆ ಬಿಡು, ನಾನೇ ಒಂದು ಹೇಳುತ್ತೇನೆ." ಗುರುತಾಯಿ ಕಾಲು ನೀಡಿ ಕೂತು ಶುರು ಮಾಡಿದರು.

ಒಂದು ಹೊಳೆ ಇತ್ತು. ಸಮುದ್ರದ ಹತ್ತಿರಕ್ಕೆ ಬಂದೂ ಅದನ್ನು ಕೂಡದೆ, ಮರಳ ದಿಬ್ಬದ ಈಚೆಯಿಂದಲೇ ತೆಂಕು ಮುಖವಾಗಿ ಹರಿಯುತ್ತಿತ್ತು. ದಡದ ಉದ್ದಕ್ಕೂ ದೋಣಿ ಹತ್ತಿ ಇಳಿಯುವ ಕಡವುಗಳು. ಒಬ್ಬ ಕುಂಬಾರ ಪ್ರತಿ ವರ್ಷ ಮಳೆ ನಿಂತು ನೀರು ತಿಳಿಯಾದ ಮೇಲೆ, ಸಣ್ಣ ಹಾಯಿದೋಣಿಯಲ್ಲಿ ಮಡಕೆ ತುಂಬಿಕೊಂಡು ಕಡವಿನಿಂದ ಕಡವಿಗೆ ಹೋಗಿ ಮಾರುತ್ತಿದ್ದ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಎಲ್ಲ ಬಚ್ಚಲಿಗೂ ಹೊಸ ಮಡಕೆ ಬೇಕು. ಹಬ್ಬ ಕಳೆದ ಮೇಲೆ ಮಡಕೆಯನ್ನು ಯಾರೂ ಮೂಸುವುದಿಲ್ಲ. ಗಂಡ ಹಾಯಿ ನೋಡಿಕೊಂಡರೆ ಹೆಂಡತಿ ಚುಕ್ಕಾಣಿ ಹಿಡಿಯುತ್ತಿದ್ದಳು.

ಒಂದು ಮಳೆಗಾಲದಲ್ಲಿ ಗಂಡ ತೀರಿಕೊಂಡ. ಹದಿಮೂರನೆಯ ದಿನದ ಊಟದ ಎಲೆ ಎತ್ತುವ ಮೊದಲೇ ಮೈದುನ ದೋಣಿಯ ಸುತ್ತ ಸುತ್ತಿದ.

"ಅತ್ತಿಗೆ, ಹೆಂಗಸಿಗೆ ದೋಣಿ ಯಾಕೆ? ನನಗೆ ಬಿಡಿ," ಎಂದ.

"ನಡೆಸಲಾರದವರು ಬಿಡಬೇಕು. ನಾನು ಯಾಕೆ ಬಿಡಲಿ?" ಎಂದಳು ಅವಳು.

ನ್ಯಾಯ ಗುರಿಕಾರನ ಅಂಗಳಕ್ಕೆ ಹೋಯಿತು. ಗುರಿಕಾರನೆಂದರೆ ಕೇರಿಯ ಹಿರಿಯ. ತನ್ನ ಮನೆಯ ಇಬ್ಬರು ಸೊಸೆಯಂದಿರ ನ್ಯಾಯ ತೀರಿಸಲಿಕ್ಕೆ ಆಗದವನು, ಊರಿನದನ್ನು ತೀರಿಸುತ್ತಿದ್ದ. "ಈ ವರ್ಷದ ಮಡಕೆಯನ್ನೆಲ್ಲ ನೀನೊಬ್ಬಳೇ ಕೊನೆಯ ಕಡವಿನವರೆಗೆ ಒಯ್ದು ಮಾರು. ನೀರು ತುಂಬುವ ಸಂಜೆಗೆ ದೋಣಿಯಲ್ಲಿ ಒಂದೇ ಒಂದು ಮಡಕೆ ಉಳಿದರೂ ದೋಣಿ ಮೈದುನನದು," ಎಂದ. ಅವಳು ಒಪ್ಪಿದಳು. ಒಪ್ಪದೆ ಏನು ಮಾಡುತ್ತಾಳೆ? ದೋಣಿ ಹೋದರೆ ಅವಳಿಗೆ ಉಳಿಯುವುದು ಮೈದುನನ ಮನೆಯ ಹಿಂಬಾಗಿಲು.

ಅವಳು ಮಡಕೆ ಹೇರಿದಳು. ನಡುವೆ ಬಚ್ಚಲಿಗೆ ಹಾಕುವ ದೊಡ್ಡದೊಂದು ಗುಡಾಣ ಇಟ್ಟಳು. ಅದರ ಬಾಯಿ ಹಾಯಿಮರಕ್ಕೆ ತಾಗಿ ಒಡೆಯಬಾರದೆಂದು ಗಂಡನ ಹಳೆಯ ಮುಂಡಾಸನ್ನು ಕಂಠಕ್ಕೆ ಸುತ್ತಿದಳು. ಮೇಲೊಂದು ಚಾಪೆ ಕಟ್ಟಿದಳು. ಬೆಳಿಗ್ಗೆ ಇಳಿತದ ನೀರಿನ ಜೊತೆ ಹೊರಟಳು.

ಮೈದುನ ದಡದಲ್ಲಿ ನಿಂತು ನೋಡುತ್ತಿದ್ದ. ಹೊಳೆಯ ಮೇಲೆ ಮಂಜು. ಚಾಪೆಯ ಅಂಚಿನಲ್ಲಿ ಮುಂಡಾಸು ಕಟ್ಟಿದ ತಲೆಯೊಂದು ದೋಣಿ ಅಲುಗಿದ ಹಾಗೆಲ್ಲ ಅಲುಗಿತು. ಅವನು ಸುಳ್ಳು ಹೇಳಿದನೆಂದು ನಾನು ಹೇಳುವುದಿಲ್ಲ. ಕಂಡಿದ್ದನ್ನೇ ಹೇಳಿದ. ಆದರೆ ಕಾಣುವ ಮೊದಲೇ ಹೇಳಲಿಕ್ಕೆ ಬಾಯಿ ತೆರೆದುಕೊಂಡು ಕಾದಿದ್ದ. ದಡದ ದಾರಿ ಹಿಡಿದು ಅವಳಿಗಿಂತ ಮೊದಲೇ ಮುಂದಿನ ಕಡವಿಗೆ ಓಡಿ, ಅತ್ತಿಗೆ ಚಾಪೆಯಡಿ ಗಂಡಸನ್ನು ಅಡಗಿಸಿಕೊಂಡು ಬರುತ್ತಿದ್ದಾಳೆಂದು ಸಾರಿದ.

ಮೊದಲ ಕಡವಿನಲ್ಲಿ ಮೂವತ್ತು ಹೆಂಗಸರು ನಿಂತಿದ್ದರು. ಒಬ್ಬಳೂ ಹತ್ತಿರ ಬರಲಿಲ್ಲ. ಹಬ್ಬದ ನೀರು ತುಂಬಲಿಕ್ಕೆ ಇಂಥವಳ ಕೈಯ ಮಡಕೆಯೇ ಎಂದು ಮೂಗು ಮುರಿದರು. ಎಲ್ಲರಿಗಿಂತ ಜೋರಾಗಿ ಮುರಿದವಳು, ಗಂಡ ಪೇಟೆಗೆ ಹೋದ ದಿನ ಮಾತ್ರ ಬಳೆಗಾರನನ್ನು ಮನೆಯೊಳಗೆ ಕರೆಯುವವಳು. ಇರಲಿ, ಅವಳ ಕತೆ ಬೇರೆ. ಕುಂಬಾರಗಿತ್ತಿ ಒಂದು ಮಡಕೆಯನ್ನೂ ಮಾರಲಿಲ್ಲ. ಚಾಪೆ ಎತ್ತಿ ತೋರಿಸೋಣವೆಂದರೆ, ನೋಡುವಷ್ಟು ಹತ್ತಿರಕ್ಕೆ ಯಾರೂ ಬರಲಿಲ್ಲ.

ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಎದ್ದಿತು. ಹಾಯಿ ಬಿಚ್ಚಿ ಎರಡನೆಯ ಕಡವಿಗೆ ಹೋದಳು. ಸುದ್ದಿ ಅಲ್ಲಿಗೂ ಹೋಗಿತ್ತು, ಅಷ್ಟು ಹೊತ್ತಿಗೆ ಬಲಿತೂ ಇತ್ತು. ಚಾಪೆಯಡಿಯ ಗಂಡಸಿಗೆ ಈಗ ಮೀಸೆ ಬಂದಿತ್ತು, ಕಿವಿಗೆ ಒಂಟಿಯೂ ಬಂದಿತ್ತು. ಹಸುಳೆಯನ್ನು ಸೊಂಟದಲ್ಲಿಟ್ಟುಕೊಂಡವರೂ ಕೋಲೂರುವವರೂ ನೀರಿನ ಅಂಚಿಗೆ ಬಂದಿದ್ದರು. ಒಬ್ಬ ಮುದುಕಿ ಸೊಂಟಕ್ಕೆ ಸೆರಗು ಸಿಕ್ಕಿಸಿ ಕೂಗಿದಳು:

"ಏ ಹುಡುಗೀ, ಅಡಗಿಸಿದ್ದು ಸಾಕು! ಆ ಮಹಾರಾಯನನ್ನು ನಮಗೂ ಒಂದಿಷ್ಟು ತೋರಿಸು!"

ಕುಂಬಾರಗಿತ್ತಿ ಹಾಯಿ ಇಳಿಸಿದಳು. ಜನರನ್ನು ನೋಡಿದಳು. ಗಂಡನಿದ್ದ ಕಾಲದಲ್ಲೂ ಇಷ್ಟು ಜನ ಯಾವ ಕಡವಿಗೂ ಬಂದದ್ದಿಲ್ಲ.

"ದೂರ ನಿಂತು ನೋಡಿದವರು ಹೇಳಿದ್ದು ನೀವು ಕೇಳಿದ್ದೀರಿ ಅಜ್ಜಿ. ಹತ್ತಿರದಿಂದ ನೋಡುವವರು ದೋಣಿಗೆ ಬನ್ನಿ. ಬಂದವರು ಬರಿಗೈಯಲ್ಲಿ ಹೋಗಬೇಡಿ. ಒಂದು ಮಡಕೆ ಬಡಿದು ನೋಡಿ, ನಾದ ಸರಿಯಿದ್ದರೆ ತಗೊಳ್ಳಿ," ಎಂದಳು.

ಮುದುಕಿ ಹತ್ತಿದಳು. ಮಡಕೆ ಬಡಿದಳು. ಕಂಚಿನ ಹಾಗೆ ಕೇಳಿತು. ತಗೊಂಡಳು. ಆಮೇಲೆ ಬಗ್ಗಿ ಚಾಪೆ ಎತ್ತಿ ನೋಡಿದಳು. ನೋಡಿದವಳ ಮುಖ ಮೊದಲು ಬಿಳಿಯಾಯಿತು, ಆಮೇಲೆ ಕೆಂಪಾಯಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ದೋಣಿ ಇಳಿದಳು.

"ಏನಿತ್ತು ಅಜ್ಜಿ, ಏನಿತ್ತು?" ಎಂದು ಎಲ್ಲರೂ ಮುತ್ತಿದರು.

"ನನ್ನ ಬಾಯಲ್ಲಿ ಹೇಳುವಂಥದ್ದಲ್ಲ ಮಾರಾಯ್ತಿ. ನೀನೇ ಹೋಗಿ ನೋಡು."

ಹೋಗಿ ನೋಡಿದವಳು ಇನ್ನೊಬ್ಬಳಿಗೆ ಅದನ್ನೇ ಹೇಳಿದಳು. ತಾನು ಮಡಕೆಯ ತಲೆ ನೋಡಲಿಕ್ಕೆ ಬಿಸಿಲಲ್ಲಿ ನಿಂತಿದ್ದೆನೆಂದು ಒಪ್ಪಿಕೊಳ್ಳುವ ಹೆಂಗಸು ಆ ಹೊಳೆಯ ಉದ್ದಕ್ಕೂ ಹುಟ್ಟಿರಲಿಲ್ಲ. ಗಂಡಸೂ ಹುಟ್ಟಿರಲಿಲ್ಲ. ತನಗಾದದ್ದು ನೆರೆಯವಳಿಗೂ ಆಗಲಿ ಎಂದು ಪ್ರತಿಯೊಬ್ಬರೂ ತುಟಿ ಹೊಲಿದುಕೊಂಡರು. ಕತ್ತಲೆಗೆ ಮೊದಲು ದೋಣಿ ಅರ್ಧ ಹಗುರಾಗಿತ್ತು.

ಮೈದುನನಿಗೆ ಇದು ಯಾವುದೂ ಗೊತ್ತಿಲ್ಲ. ಅವನು ಯಾವಾಗಲೂ ಒಂದು ಕಡವು ಮುಂದೆ, ಅವಳ ಮಾನ ಕಳೆಯುವುದರಲ್ಲಿ ಮುಳುಗಿದ್ದ. ಅವನು ಕಂಠ ಒಣಗಿಸಿಕೊಂಡು ಸಾರಿದಷ್ಟೂ ಜನ ಹೆಚ್ಚು ಬಂದರು. ಅವಳು ಹಾಯಿ ಕಟ್ಟಿ ತೆಂಕಕ್ಕೆ ಸಾಗಿದಳು, ಮಾರಿದಳು, ಮತ್ತೆ ಸಾಗಿದಳು.

ಕೊನೆಯ ಕಡವು ಅಳಿವೆಯ ಆಚೆಗೆ. ಹೊಳೆ ಕೊನೆಗೂ ಸಮುದ್ರಕ್ಕೆ ಬಾಯಿ ತೆರೆಯುವ ಜಾಗ ಅದು. ಅಲ್ಲಿ ಅಡ್ಡಗಾಳಿ. ಭಾರ ತುಂಬಿದ ದೋಣಿ ದಾಟುತ್ತದೆ, ಖಾಲಿ ದೋಣಿ ಮಗುಚುತ್ತದೆ. ಅವಳ ದೋಣಿಯಲ್ಲಿ ಈಗ ಗುಡಾಣ ಬಿಟ್ಟು ಮತ್ತೇನೂ ಇರಲಿಲ್ಲ. ಅವಳು ಹೊಳೆಯ ನೀರು ಮೊಗೆದು ಗುಡಾಣಕ್ಕೆ ಕಂಠದವರೆಗೆ ತುಂಬಿದಳು. ದೋಣಿ ನೀರಿನಲ್ಲಿ ಗಟ್ಟಿಯಾಗಿ ಕೂತಿತು. ಚುಕ್ಕಾಣಿಗೆ ಮೈಯ ಭಾರವನ್ನೆಲ್ಲ ಕೊಟ್ಟು, ಹಾಯಿ ಹರಿಯುವಂಥ ಗಾಳಿಯಲ್ಲಿ ಅಳಿವೆ ದಾಟಿದಳು. ಆ ಕಡೆಯ ಅಂಬಿಗರು ಹುಟ್ಟು ಕೆಳಗಿಟ್ಟು ಎದ್ದು ನಿಂತು ನೋಡಿದರು.

ಅಂದು ನೀರು ತುಂಬುವ ಸಂಜೆ. ಕೊನೆಯ ಕಡವು ಮೈದುನನ ಹೆಂಡತಿಯ ತವರೂರು. ಮಾವನ ಮನೆಯವರ ಮುಂದೆ ದೊಡ್ಡವನಾಗಬೇಕೆಂದು ಅವನು ಎಲ್ಲರನ್ನೂ ಕರೆತಂದಿದ್ದ. ಗುರಿಕಾರನೂ ಎತ್ತಿನಗಾಡಿಯಲ್ಲಿ ಬಂದಿದ್ದ. ತೀರ್ಪು ಕೊಡಲಿಕ್ಕೆಂದು ಹೇಳಿದ. ನೋಡಲಿಕ್ಕೆ ಬಂದದ್ದು.

ದೋಣಿ ದಡಕ್ಕೆ ತಾಗುವ ಮೊದಲೇ ಮೈದುನ ಹಾರಿ ಹತ್ತಿದ. "ಸಿಕ್ಕಿದೆಯಾ ಕಳ್ಳಾ!" ಎಂದು ಮುಂಡಾಸಿನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದ. ಅವನು ಕಾಲು ಜಾರಿ ಕೂತ, ಗುಡಾಣ ಅವನ ಮೇಲೆ ವಾಲಿತು. ಒಳಗಿದ್ದ ಅಷ್ಟೂ ನೀರು ಅವನ ನೆತ್ತಿಯ ಮೇಲೆ ಸುರಿಯಿತು. ಚಾಪೆ ಜಾರಿತು. ಊರೆಲ್ಲ ನೋಡಿತು: ಅವನು ಗುಡಾಣವನ್ನು ತಬ್ಬಿಕೊಂಡಿದ್ದ, ಕೈಯಲ್ಲಿ ಸ್ವಂತ ಅಣ್ಣನ ಮುಂಡಾಸು.

ದಡದಲ್ಲಿ ಎದ್ದ ನಗು ಅಳಿವೆಯ ಸದ್ದನ್ನು ಮುಳುಗಿಸಿತು. ಅವನು ಮುಖ ಒರೆಸಿಕೊಂಡು, "ನಗಿ, ನಗಿ! ಒಂದು ಮಡಕೆ ಉಳಿಯಿತಲ್ಲ! ದೋಣಿ ನನ್ನದು!" ಎಂದು ಕೂಗಿದ.

ನಗು ನಿಂತಿತು. ಗುರಿಕಾರ ಗಂಟಲು ಸರಿಮಾಡಿಕೊಂಡ. ಕುಂಬಾರಗಿತ್ತಿ ಚುಕ್ಕಾಣಿಯಿಂದ ಕೈ ತೆಗೆಯಲಿಲ್ಲ.

ಆಗ ಮೈದುನನ ಅತ್ತೆ ಮುಂದೆ ಬಂದಳು. ಅಳಿಯನನ್ನು ಅವಳು ಮದುವೆಯ ದಿನದಿಂದ ಅಳೆದು ನೋಡಿದ್ದಳು. ಗುಡಾಣವನ್ನು ಬೆರಳ ಗೆಣ್ಣಿನಿಂದ ಬಡಿದಳು. ಕೇಳಿದಳು. ಸೊಂಟದ ಚೀಲ ಬಿಚ್ಚಿ ಬೆಲೆ ಕೊಟ್ಟಳು.

"ಅಳಿಯಂದಿರು ಊರೂರು ಸುತ್ತಿ ಸಾರಿದ ಗಂಡಸು, ಬೇರೆ ಯಾರ ಮನೆಗೆ ಹೋಗಬೇಕು? ನಮ್ಮ ಬಚ್ಚಲಲ್ಲೇ ಇರಲಿ. ಎತ್ತಿ ಅಳಿಯಂದಿರೇ, ನಾಳೆ ಎಣ್ಣೆಸ್ನಾನಕ್ಕೆ ನಿಮಗೂ ನೀರು ಬೇಕಲ್ಲ," ಎಂದಳು.

ಅವನು ಎತ್ತಿದ. ಕಡವಿನಿಂದ ಮನೆಯವರೆಗೆ ಹೊತ್ತ. ಮಾವನ ಮನೆಯ ಹಬ್ಬಕ್ಕೆ ಹೋಗದೆ ಉಳಿಯುವ ಅಳಿಯ ಎಲ್ಲಿದ್ದಾನೆ? ಪ್ರತಿ ದೀಪಾವಳಿಯ ಬೆಳಿಗ್ಗೆ ಅವನು ಅದರ ಮುಂದೆಯೇ ಬೆತ್ತಲೆ ಕೂತು ಮಿಂದ.

ಕುಂಬಾರಗಿತ್ತಿ ಮುಂಡಾಸನ್ನು ಹಿಂಡಿದಳು. ಕೊಡವಿದಳು. ತನ್ನ ತಲೆಗೇ ಸುತ್ತಿಕೊಂಡು ದೋಣಿಯನ್ನು ಬಡಗಕ್ಕೆ ತಿರುಗಿಸಿದಳು. ಈಗ ದೋಣಿಯಲ್ಲಿ ನಿಜವಾಗಿಯೂ ಮುಂಡಾಸು ಕಟ್ಟಿದ ತಲೆಯೊಂದಿತ್ತು. ಹೊಳೆಯ ಉದ್ದಕ್ಕೂ ಯಾರೂ ಒಂದು ಮಾತು ಆಡಲಿಲ್ಲ.

ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಎದ್ದು ಗಂಟನ್ನು ಹೆಗಲಿಗೆ ಏರಿಸಿದ. "ತಿಳಿಯಿತು ಅಮ್ಮಾ. ಆಡುವವರು ಆಡಲಿ. ನಾನೂ ನಾಳೆ ತೆಂಕಕ್ಕೆ ಹೊರಟೆ," ಎಂದ.

"ಹೊರಡು ಮಗಾ," ಎಂದರು ಗುರುತಾಯಿ, "ಅವಳ ಚಾಪೆ ಎಳೆದಾಗ ಗುಡಾಣ ಸಿಕ್ಕಿತು, ನಿನ್ನ ಚಾಪೆ ಎಳೆದರೆ ಏನು ಸಿಗುತ್ತದೆ?"