ನಾಲ್ಕು ಕೇರಿಯ ಕಂಬಗಳು

“ಗುರುಗಳೇ, ಒಮ್ಮೆ ಬೇಡವೆಂದು ಬಿಟ್ಟದ್ದನ್ನು ಮತ್ತೆ ಹೋಗಿ ನೋಡುತ್ತೇನೆ. ಎಲ್ಲಿ ತಪ್ಪಿಬಿಟ್ಟೆನೋ ಅನ್ನುವ ಭಯ. ಹೀಗೆ ಹುಡುಕಿದರೆ ನನಗೆ ಸತ್ಯ ಯಾವಾಗ ಸಿಗುತ್ತದೆ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಲ್ಲಿ ಒಂದು ಕೆರೆ. ಅದರ ತೂಬಿಗೆ ದಪ್ಪ ಹಲಗೆಯ ಬಾಗಿಲು. ಒಂದು ವರ್ಷ ಕೆರೆ ತುಂಬಿ ಬಾಗಿಲು ಬಿರುಕು ಬಿಟ್ಟಿತು. ಹಿಂದಿನಿಂದ ನಾಲ್ಕು ಕಂಬ ಆನಿಸಬೇಕು. ಎಷ್ಟು ಉದ್ದವಾದರೂ ಸರಿ, ನಾಲ್ಕೂ ಒಂದೇ ಸಮ ಇರಬೇಕು. ಒಂದು ಉದ್ದವಾದರೆ ಭಾರವೆಲ್ಲ ಅದರ ಮೇಲೇ ಬಿದ್ದು ಮುರಿಯುತ್ತದೆ.

ಊರಿಗೆ ನಾಲ್ಕು ಕೇರಿ. ಕೇರಿಗೊಂದು ಕಂಬ ಎಂಬುದು ಹಳೆಯ ಕಟ್ಟಳೆ. ಯಾವ ಕೇರಿಯ ಕಂಬ ಇಲ್ಲವೋ ಆ ಕೇರಿಗೆ ಆ ವರ್ಷ ನೀರಿಲ್ಲ. ಅದಕ್ಕೆಂದೇ ಪ್ರತಿ ಕೇರಿಯೂ ತನ್ನ ಕಂಬಗಳನ್ನು ಏರಿಯ ಮೇಲೆ, ಗಿಡ್ಡದರಿಂದ ಉದ್ದಕ್ಕೆ, ಸಾಲಾಗಿ ನಿಲ್ಲಿಸಿತ್ತು. ಕಂಬದ ಎರಡು ತುದಿಗೂ ಕಬ್ಬಿಣದ ಬಳೆ. ಸಮ ಮಾಡಲೆಂದು ಕೊಯ್ದರೆ ಕಂಬ ಸೀಳುತ್ತದೆ.

ಬಡಗಿಯ ಮನೆ ಏರಿಯ ಕೆಳಗೇ ಇತ್ತು. ಮಗಳು ಅಂದು ಬೆಳಿಗ್ಗೆಯಷ್ಟೇ ಹೆತ್ತು ಮಲಗಿದ್ದಳು. ಬಾಗಿಲು ಮುರಿಯುವ ಮೊದಲೇ ಅವಳನ್ನೂ ಕೂಸನ್ನೂ ಎತ್ತಿಕೊಂಡು ಹೋಗೋಣವೆಂದರೆ, ತೂಬಿಗೆ ಕಂಬ ಕೂರಿಸಬಲ್ಲವನು ಊರಿಗೆಲ್ಲ ಅವನೊಬ್ಬನೇ.

ಜನ ಮೊದಲ ಕೇರಿಯ ಒಂದು ಕಂಬ ಹೊತ್ತು ಉಳಿದ ಮೂರು ಸಾಲುಗಳ ಉದ್ದಕ್ಕೂ ಓಡಿದರು. ಸಮ ಸಿಗಲಿಲ್ಲ. ಹಿಂದಿರುಗಿ ಇನ್ನೊಂದನ್ನು ಹೊತ್ತರು. ಮತ್ತೆ ಅದೇ ಸಾಲುಗಳು, ಮೊದಲಿನಿಂದ. ಬಡಗಿಯೂ ಅವರೊಡನೆ ಓಡಿದ. ಮೂರನೆಯ ಕಂಬ ಮುಗಿಯುವಷ್ಟರಲ್ಲಿ ಬಿರುಕಿನಿಂದ ನೀರು ಚಿಮ್ಮಿತು. ಬಡಗಿ ಓಡುವುದನ್ನು ನಿಲ್ಲಿಸಿದ.

ನಾಲ್ಕು ಸಾಲಿನ ಮೊದಲ ಕಂಬಗಳನ್ನಷ್ಟೇ ತರಿಸಿ ಪಕ್ಕಪಕ್ಕ ಇಟ್ಟ. ಆ ನಾಲ್ಕರಲ್ಲಿ ಮೂರನೆಯ ಕೇರಿಯದು ಉದ್ದ. ಉಳಿದ ಮೂರನ್ನೂ ಕಾಲಿನಿಂದ ಆಚೆ ಉರುಳಿಸಿದ.

“ಏನಯ್ಯಾ ಆಚಾರಿ, ಮೊಮ್ಮಗ ಹುಟ್ಟಿದ ಖುಷಿಗೆ ಊರ ಕಂಬ ಉರುಳಿಸಿ ಆಡ್ತಿದ್ದೀಯಾ?” ಎಂದು ಗೌಡ ಕೂಗಿದ.

“ಮೂರನೇ ಕೇರೀಲಿ ಇದಕ್ಕಿಂತ ಗಿಡ್ಡದು ಇಲ್ಲ ಗೌಡ್ರೇ. ಬೇರೆ ಕೇರೀಲಿ ಗಿಡ್ಡವು ಎಷ್ಟಿದ್ರೇನು, ಇದಕ್ಕೆ ಸಮ ಆಗ್ತವಾ? ಮುಂದಿನವು ತರ್ಸಿ, ಬೇಗ!”

ಮುಂದಿನವು ಬಂದವು. ಈಗ ಮೊದಲ ಕೇರಿಯದು ಉದ್ದ. ಅದಕ್ಕಿಂತ ಗಿಡ್ಡವಾದದ್ದೆಲ್ಲ ಆಚೆ. ಮತ್ತೆ ಮುಂದಿನವು. ಸಾಲುಗಳು ಕರಗುತ್ತ ಬಂದವು. ಉರುಳಿಸಿದ್ದರಲ್ಲಿ ಒಂದು ಕಂಬ ಬಡಗಿಯ ಕಣ್ಣಿಗೆ ಬಿತ್ತು. ಅದು ಸರಿಯಿತ್ತೇನೋ ಅನ್ನಿಸಿತು. ಕೆಳಗಿನಿಂದ ಕೂಸಿನ ಅಳು ಕೇಳಿಸಿತು. ಅವನು ಆ ಕಂಬವನ್ನು ಮುಟ್ಟಲಿಲ್ಲ.

ಎರಡನೆಯ ಕೇರಿಯದು ಒಂದೇ ಕಂಬ ಉಳಿದಾಗ ನಾಲ್ಕರ ತಲೆಯೂ ಒಂದೇ ಮಟ್ಟಕ್ಕೆ ಬಂತು. ಬಡಗಿ ಕಂಬ ಕೂರಿಸಿದ. ಬಾಗಿಲು ಕಿರುಗುಟ್ಟಿತು, ನಿಂತಿತು.

ಶಿಷ್ಯ ಉಸಿರು ಬಿಟ್ಟ. “ಅವನ ಪುಣ್ಯ, ಸಮ ಇದ್ದವು. ಒಂದು ವೇಳೆ ನಾಲ್ಕು ಸಾಲಲ್ಲೂ ಇಲ್ಲದೇ ಹೋಗಿದ್ದರೆ?”

ಗುರುಗಳು ಹೇಳಿದರು: “ಇಲ್ಲವೆಂಬುದು ಬೇಗ ತಿಳಿಯುತ್ತಿತ್ತು, ಮಗಳನ್ನೂ ಕೂಸನ್ನೂ ಎತ್ತಿಕೊಂಡು ಓಡಲು ಹೊತ್ತಿರುತ್ತಿತ್ತು.”