ಅಪ್ಪಣೆ ಸಿಗದ ಮಂತ್ರಿ

ಹತ್ತಿರ ಬನ್ನಿ ಮಕ್ಕಳೇ, ದೇವರು ಮೆಚ್ಚಿದ ಕಥೆ ಇದು.

ಒಂದು ರಾಜ್ಯದಲ್ಲಿ ಮಲ್ಲಭೂಪ ಅಂತ ರಾಜನಿದ್ದ. ಊರ ಮಗ್ಗುಲಲ್ಲೇ ದೊಡ್ಡದೊಂದು ವನ. ರಾಜನ ಹಿರಿಯರು ಅದನ್ನು ವನದೇವಿಗೆ ಒಪ್ಪಿಸಿ, ಎಲ್ಲರಿಗೂ ಬಿಟ್ಟಿದ್ದರು. ಜನ ಬರೋರು, ನೆರಳಲ್ಲಿ ಕೂರೋರು, ಕೈಮುಗಿದು ಹೋಗೋರು.

ರಾಜನಿಗೆ ವಯಸ್ಸಾಯಿತು. "ನನ್ನ ಕಾಲ ಆದಮೇಲೆ ಈ ವನವನ್ನು ಹೇಗೆ ನಡೆಸಬೇಕು?" ಅಂತ ಸಭೆ ಕರೆದ.

ಮಂತ್ರಿ ಕಾಳಿಂಗಯ್ಯ ಎದ್ದ. ವನದ ನಡುವೆ ತನಗೊಂದು ಮಹಲು ಕಟ್ಟಿಕೊಳ್ಳುವ ಆಸೆ ಅವನಿಗೆ.

"ಮಹಾಪ್ರಭು, ಎಲ್ಲರೂ ನುಗ್ಗಿದರೆ ವನ ಹಾಳು. ಮಂತ್ರಿಯ ಅಪ್ಪಣೆ ಇಲ್ಲದೆ ಯಾರೂ ನೆರಳಲ್ಲಿ ಕೂರಬಾರದು, ಹಣ್ಣು ಮುಟ್ಟಬಾರದು, ಕೆರೆ ನೀರು ಕುಡಿಯಬಾರದು. ಪ್ರಾಣಿಗಳಿಗೂ ಇದೇ ಕಟ್ಟಳೆ."

ಮಾತು ನಯವಾಗಿತ್ತು. ರಾಜ ತಲೆದೂಗಿದ.

ಸುದ್ದಿ ವನದ ಮುದಿ ಆನೆ ಗೌರವ್ವನ ಕಿವಿಗೆ ಬಿತ್ತು. ಕೆರೆ ತಪ್ಪಿದರೆ ಪುಟ್ಟ ಮೊಮ್ಮಗಳು ಬದುಕೋದು ಹೇಗೆ? ದೇವಿಯನ್ನು ನೆನೆದು ಸಭೆಗೆ ಬಂದಳು.

"ಸ್ವಾಮಿ, ವನಕ್ಕೆ ಕಟ್ಟಳೆ ಹೇಳಿದವರು ಪದವಿಯನ್ನು ದೇವಿಯ ಪಾದದಲ್ಲಿಟ್ಟು, ಒಂದು ಹಗಲು ಆ ಕಟ್ಟಳೆಯಲ್ಲೇ ಬಾಳಬೇಕು. ನಿಮ್ಮ ಹಿರಿಯರ ಪದ್ಧತಿ ಅದು."

"ಬಾಳೋಣಂತೆ. ಅಪ್ಪಣೆ ಕೊಡೋನೇ ನಾನಲ್ಲವೇ?" ಅಂದ ಮಂತ್ರಿ ನಕ್ಕು. ವನ ಹೊಕ್ಕು, ಮುದ್ರೆಯುಂಗುರ ತೆಗೆದು ಕೆರೆಯ ದಡದ ಗುಡಿಯಲ್ಲಿ ದೇವಿಯ ಮುಂದಿಟ್ಟ. ರಾಜನೂ ಸಭೆಯೂ ಹಿಂದೆಯೇ ಹೋದರು.

ಬಿಸಿಲೇರಿತು. ಮಂತ್ರಿ ಹೊಂಗೆ ಮರದಡಿ ಕೂರಲು ಹೋದ. ಕೊಂಬೆಯ ಮೇಲಿಂದ ಮುಸುವ ಕೋತಿ ಕೇಳಿತು:

"ಮಂತ್ರಿಗಳ ಅಪ್ಪಣೆ ಆಗಿದೆಯೇನಪ್ಪಾ?"

"ನಾನೇ ಕಣೋ ಮಂತ್ರಿ."

"ಮಂತ್ರಿಯ ಉಂಗುರ ದೇವಿಯ ಹತ್ತಿರ ಇದೆ. ಇವತ್ತು ನೀನು ಬರೀ ಕಾಳಿಂಗಯ್ಯ. ಏಳು."

ಹಸಿವಾಯಿತು. ನೇರಳೆ ಹಣ್ಣಿಗೆ ಕೈಚಾಚಿದ. "ಅಪ್ಪಣೆ?" ಅಂದಿತು ಗಿಳಿ. ಚಾಚಿದ ಕೈ ಇಳಿಯಿತು.

ಬಾಯಾರಿತು. ಕೆರೆಗೆ ಬಗ್ಗಿದ. ಆಮೆ ಕತ್ತು ಹೊರಗಿಟ್ಟಿತು. "ಅಪ್ಪಣೆ ತಗೊಂಡು ಬಾ ಯಜಮಾನ, ಆಮೇಲೆ ಕುಡಿಯುವಿಯಂತೆ. ನಾನೆಲ್ಲೂ ಓಡಿಹೋಗೋಲ್ಲ."

ಜನರೆಲ್ಲ ಗೊಳ್ಳೆಂದು ನಕ್ಕರು. ಕಾಳಿಂಗಯ್ಯ ಏರಿಯ ಮೇಲೆ ಕುಸಿದು ಕೂತ. "ದೇವಿ ಕೊಟ್ಟ ನೀರಿಗೆ ನನ್ನ ಅಪ್ಪಣೆ ಯಾಕೆ? ಮಹಲಿನ ಆಸೆಗೆ ಹಾಗಂದೆ. ನನ್ನ ಕಟ್ಟಳೆ ನನಗೇ ಬೇಡ."

ಗೌರವ್ವ ಸೊಂಡಿಲಲ್ಲಿ ನೀರು ತಂದು ಅವನ ಬೊಗಸೆಗೆ ಸುರಿದಳು.

"ಹಾಗಾದರೆ ಮುಂದಿನ ದಾರಿ ಏನವ್ವಾ?" ಅಂದ ರಾಜ.

"ವರ್ಷಕ್ಕೊಂದು ಮಗ್ಗುಲಿನಂತೆ ವನಕ್ಕೆ ಬಿಡುವು ಕೊಡಿ, ಸಸಿ ಏಳಲಿ. ಅಲ್ಲಿಗೆ ಅರಸರೂ ಹೋಗಬಾರದು, ಆನೆಯೂ ಹೋಗಬಾರದು. ಉಳಿದದ್ದು ಎಲ್ಲರದು. ಕಾಯುವ ಕೆಲಸ ಕೇರಿಕೇರಿಗೂ ಸರದಿಯಂತೆ ಬರಲಿ."

ರಾಜ ಕಿರೀಟ ತೆಗೆದು ದೇವಿಯ ಮುಂದಿಟ್ಟ. "ಈ ಕಟ್ಟಳೆಯಲ್ಲಿ ಮೊದಲು ನಾನೇ ಬಾಳುತ್ತೇನೆ" ಅಂದ. ಜಯಘೋಷಕ್ಕೆ ಇಡೀ ವನ ಮೊಳಗಿತು. ಗೌರವ್ವನ ಮರಿಯಾನೆ ಕೆರೆಗಿಳಿದು ರಾಜನ ಪಂಚೆಯನ್ನೆಲ್ಲ ನೆನೆಸಿಬಿಟ್ಟಿತು. ಸಸಿಗೆ ನೀರು ಹೊರುವ ಮೊದಲ ಸರದಿ ಕಾಳಿಂಗಯ್ಯನಿಗೇ ಬಂತು.

ದೇವರು ಎಲ್ಲರಿಗೂ ಕೊಟ್ಟದ್ದಕ್ಕೆ ಒಬ್ಬನೇ ಒಡೆಯನಾಗಲು ಹೊರಡಬಾರದು. ಮುಂದೆ ಹುಟ್ಟುವವರಿಗೂ ಉಳಿಯುವ ಹಾಗೆ ಎಲ್ಲರೂ ಕಾಯಬೇಕು. ಆ ಬುದ್ಧಿಯನ್ನು ತಾಯಿ ನಮಗೂ ನಿಮಗೂ ಕೊಡಲಿ.