ಮುಟ್ಟಿ ನೋಡುವ ಲಾಂಛನ

ವಿಶ್ವವಿದ್ಯಾಲಯದಲ್ಲಿ ಅಂಗವಿಕಲ ವಿದ್ಯಾರ್ಥಿಗಳಿಗೆ ತಂತ್ರಜ್ಞಾನ ಕೇಂದ್ರ ಶುರುವಾಯಿತು. ಅದಕ್ಕೊಂದು ಲಾಂಛನ ಮಾಡಿಸುವ ಕೆಲಸ ಗುಮಾಸ್ತೆ ಶಕೀಲಾಳ ಹೆಗಲಿಗೆ ಬಿತ್ತು.

"ನವಿಲಿರಲಿ, ದೀಪವಿರಲಿ, ಕಂಪ್ಯೂಟರಿರಲಿ. ನಡುವೆ ನನ್ನ ಮುಖ ಇರಲೇಬೇಕು" ಎಂದು ಕುಲಪತಿಗಳು ಅಪ್ಪಣೆ ಕೊಟ್ಟರು.

ಇಲ್ಲವೆಂದರೆ ಕೆಲಸಕ್ಕೇ ಕುತ್ತು. ಶಕೀಲಾ ಎಲ್ಲವನ್ನೂ ಹಲಗೆಯ ಮೇಲೆ ಉಬ್ಬಾಗಿ ಕೆತ್ತಿಸಿ ತಂದಳು.

"ಕಣ್ಣು ಕಾಣದವರು ಇದನ್ನು ಮುಟ್ಟಿಯೇ ಗುರುತಿಸಬೇಕು ಸಾರ್. ತಾವೂ ಒಮ್ಮೆ ಕಣ್ಣು ಮುಚ್ಚಿ ಮುಟ್ಟಿ ನೋಡಿ."

ಕುಲಪತಿಗಳು ಕಣ್ಣು ಮುಚ್ಚಿ ತಡಕಾಡಿದರು. ನವಿಲೂ ತಿಳಿಯಲಿಲ್ಲ, ದೀಪವೂ ತಿಳಿಯಲಿಲ್ಲ. ಬೆರಳು ನಡುವೆ ಬಂದು ನಿಂತಿತು.

"ಇದೇನಮ್ಮ, ಹಲಸಿನಹಣ್ಣು ಯಾಕೆ ಹಾಕಿಸಿದೆ?"

"ಅದು ತಮ್ಮ ಮುಖ ಸಾರ್."

ಅವರು ಕಕ್ಕಾಬಿಕ್ಕಿಯಾಗಿ ಒಮ್ಮೆ ಹಲಗೆಯನ್ನು, ಒಮ್ಮೆ ತಮ್ಮ ಕೆನ್ನೆಯನ್ನು ಸವರಿ ನೋಡಿದರು. "ಎಲ್ಲಾ ತೆಗೆಸಿಬಿಡು!"

ಈಗ ಕೇಂದ್ರದ ಬಾಗಿಲಲ್ಲಿ ಶಕೀಲಾ ಹೊಸದಾಗಿ ಉಬ್ಬಾಗಿ ಕೆತ್ತಿಸಿದ, ಬಿಚ್ಚಿದ ಅಂಗೈಯೊಂದೇ ಇದೆ. ವಿದ್ಯಾರ್ಥಿಗಳು ಅದಕ್ಕೆ ಕೈ ತಾಗಿಸಿ ಒಳಗೆ ಹೋಗುತ್ತಾರೆ.